ಬ್ರೇಕಿನ ಏರ್ ತೆಗೆಯಲು ಇಬ್ಬರು ಬೇಕು

ಧಾರವಾಡದ ನಮ್ಮ ಓಣಿಯಲ್ಲಿ ನಿಲ್ಲುವ ಹಳೇ ಮಾರುತಿ 800ರ ಬ್ರೇಕ್ ತುಳಿದರೆ ಕಾಲು ಮೆತ್ತಗೆ ಒಳಗೆ ಹೋಗುತ್ತಿತ್ತು. ಎರಡು ಸಲ ಪಂಪ್ ಮಾಡಿದರೆ ಗಟ್ಟಿ. ಏರ್ ಹಿಡಿದಿತ್ತು, ಅಂದರೆ ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿತ್ತು. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ತುಳಿದ ಬಲವೆಲ್ಲ ಅಲ್ಲೇ ತೀರಿಹೋಗುತ್ತದೆ.

ಹಿಂದಿನ ಚಕ್ರದ ಬ್ರೇಕ್ ಶೂ ಸಡಿಲವಿದ್ದರೂ ಹೀಗೇ ಆಗುತ್ತದೆ, ಮೊದಲು ಅದನ್ನು ಅಡ್ಜಸ್ಟ್ ಮಾಡಿಸಿ. ತುಳಿದು ಹಿಡಿದಾಗ ಪೆಡಲ್ ತಾನಾಗಿ ಕೆಳಗಿಳಿದರೆ ಮಾತ್ರ ಗ್ಯಾರೇಜೇ ಗತಿ. ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ಒತ್ತುವ ಮಾಸ್ಟರ್ ಸಿಲಿಂಡರ್ ಹೋಗಿದೆ.

ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ ನಂಬರಿನ (ಅದೇ ಆಯಿಲಿನ ದರ್ಜೆ) ಹೊಸ ಆಯಿಲ್ ತನ್ನಿ. ಹಳೆಯದು ನೀರು ಹೀರಿಕೊಂಡಿರುತ್ತದೆ. ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಟ್ಟ ಇಳಿಯುತ್ತೀರಲ್ವಾ, ಅಲ್ಲಿ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗುತ್ತದೆ, ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ.

ಇಂಜಿನ್ ಆಫ್ ಇರಲಿ. ಸುಮ್ನೆ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೈಪಿಡಿ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು. ಚಕ್ರದ ಬ್ರೇಕಿನಲ್ಲಿ ಏರ್ ಬಿಡುವ ಸಣ್ಣ ತೂತಿನ ಬೋಲ್ಟೇ ನಿಪ್ಪಲ್. ಅದು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮುರಿದರೆ ಕೆಲಸ ಜಾಸ್ತಿ. ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ನಿಪ್ಪಲ್ ತುದಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ಆಯಿಲಿನಲ್ಲಿ ಮುಳುಗಿಸಿ.

ನಾನು ಚಕ್ರದ ಹತ್ತಿರ, ಮಗ ಸೀಟಿನಲ್ಲಿ.

“ತುಳಿ.”

“ತುಳದೇನಪ್ಪಾ.”

ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಗುಳ್ಳೆ ಬರುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಮಗ ಅಲ್ಲೇ ಹಿಡಿದಿರುತ್ತಾನೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ “ಬಿಡು” ಅನ್ನುತ್ತೇನೆ. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ವಾಪಸ್ ಒಳಗೆ. ಗುಳ್ಳೆ ನಿಲ್ಲುವವರೆಗೆ ಇದೇ ಆಟ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ತುಕ್ಕಿರಬಹುದು. ಪೆಡಲ್ ನೆಲಕ್ಕೆ ಮುಟ್ಟಿಸಿದರೆ ಅದರೊಳಗಿನ ರಬ್ಬರ್ ಅಲ್ಲಿಗೆ ಉಜ್ಜಿ ಹರಿಯಬಹುದು.

ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಮೊದಲ ಸಲ ನಾನು ಮಾತಿನ ಭರದಲ್ಲಿ ಮರೆತೆ. ಡಬ್ಬಿ ಬರಿದಾಗಿ ಮತ್ತೆ ಏರ್, ಮತ್ತೆ ಮೊದಲಿನಿಂದ. ಬಾನೆಟ್ ಹತ್ತಿರ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ. ಬಾಟಲಿಗೆ ಬಂದ ಆಯಿಲ್ ವಾಪಸ್ ಸುರಿಯಬೇಡಿ.

ಇಂಜಿನ್ ಚಾಲೂ ಮಾಡಿ ಜೋರಾಗಿ ತುಳಿಸಿ. ಒರೆಸಿದ ನಿಪ್ಪಲ್‌ಗಳು ಒದ್ದೆಯಾಗದಿದ್ದರೆ, ಮೊದಲು ಓಣಿಯಲ್ಲೇ ನಡಿಗೆಯ ವೇಗದಲ್ಲಿ ಎರಡು ಸುತ್ತು ಹೊಡೆಯಿರಿ.