ಹೈದರಾಲಿಯನ್ನು ಹುಡುಕಲು ಹೋಗಿ ಆಡಮ್ಸ್‌ನ ದಿನಚರಿ ಓದಿದ್ದು

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮೈಸೂರು ಯುದ್ಧಗಳನ್ನು ಎಷ್ಟು ಬ್ಯಾಚಿಗೆ ಹೇಳಿಕೊಟ್ಟೆನೋ ಲೆಕ್ಕ ಇಟ್ಟಿಲ್ಲ. ಮಗಳ ಬಾಣಂತನಕ್ಕೆ ಅಂತ ಬಾಸ್ಟನ್ ಹತ್ತಿರ ಆರು ತಿಂಗಳು ಇದ್ದೆ. ಮಗು ಮಧ್ಯಾಹ್ನ ಎರಡು ಗಂಟೆ ಮಲಗುತ್ತಿತ್ತು. ಹೊರಗೆ ಹಿಮ. ಆ ಎರಡು ಗಂಟೆಯಲ್ಲಿ ಶುರುವಾದ ಓದು ಇದು.

ಮೊದಲು ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. 1780ರ ಆಸುಪಾಸಿನಲ್ಲಿ ಅಮೆರಿಕದವರು ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದರು. ಅದೇ ಹೊತ್ತಿಗೆ ಇಲ್ಲಿ ಹೈದರಾಲಿಯೂ ಬ್ರಿಟಿಷರ ವಿರುದ್ಧವೇ ಹೋರಾಡುತ್ತಿದ್ದ. ಅಲ್ಲಿಯ ನಾಯಕರಿಗೆ ಇದು ಗೊತ್ತಿತ್ತಾ? ಅವರ ಪತ್ರಗಳಲ್ಲಿ, ಡೈರಿಗಳಲ್ಲಿ ನಮ್ಮ ಮೈಸೂರು ಬರುತ್ತದಾ?

ಅಳಿಯ 'ಫೌಂಡರ್ಸ್ ಆನ್‌ಲೈನ್' ಎಂಬ ಜಾಲತಾಣ ತೋರಿಸಿದರು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ 2013ರಲ್ಲಿ ಶುರು ಮಾಡಿದ್ದು. ವಾಷಿಂಗ್ಟನ್, ಫ್ರಾಂಕ್ಲಿನ್, ಜಾನ್ ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ, ಹೀಗೆ ಅಮೆರಿಕ ದೇಶ ಕಟ್ಟಿದ ನಾಯಕರ ಕಾಗದ ಪತ್ರಗಳೆಲ್ಲ ಅಲ್ಲಿವೆ. ದುಡ್ಡು ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ. ನನ್ನಂಥವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಹೇಳಿ ಮುಗಿಸಲಾಗದು.

'ಮೈಸೂರ್' ಅಂತ ಹುಡುಕಿದೆ. ಹೆಚ್ಚೇನೂ ಸಿಗಲಿಲ್ಲ. ಆಮೇಲೆ ಹೊಳೆಯಿತು, ಆ ಕಾಲದವರು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ಹೈದರ್ ಎಂಬ ಒಂದು ಹೆಸರಿಗೆ ನಾಲ್ಕೈದು ಸ್ಪೆಲ್ಲಿಂಗ್ ಹಾಕಿ ನೋಡಿದೆ. ಒಂದೊಂದಾಗಿ ಬಾಗಿಲು ತೆರೆಯತೊಡಗಿತು. ಅಮೆರಿಕದ ಪ್ರತಿನಿಧಿಯಾಗಿ ಹಾಲೆಂಡಿನಲ್ಲಿದ್ದ ಜಾನ್ ಆಡಮ್ಸ್ ಯೂರೋಪಿನ ಪತ್ರಿಕೆಗಳ ಸುದ್ದಿಯನ್ನು ತನ್ನ ದೇಶಕ್ಕೆ ಕಳಿಸುತ್ತಿದ್ದ. ಅದರಲ್ಲಿ ಹೈದರಾಲಿಯ ಸುದ್ದಿಯೂ ಇತ್ತು. ಓದಿ ಮೈ ಜುಮ್ಮೆಂದಿತು.

ಆ ಉತ್ಸಾಹದಲ್ಲಿ ಒಂದು ತಪ್ಪು ಮಾಡಿದೆ. 1782ರ ಏಪ್ರಿಲಿನಲ್ಲಿ ಹೈದರ್ ಆಲಿ ಗೆದ್ದ ಅಂತ ಅರ್ಥ ಬರುವ ಒಂದು ಸಾಲು ಸಿಕ್ಕಿತು. ಮಗಳನ್ನು ಕೂಗಿ ತೋರಿಸಿದೆ. ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದಿಟ್ಟೆ. ಎರಡು ದಿನ ಬಿಟ್ಟು ಅದರ ಹಿಂದಿನದು ಮುಂದಿನದು ಓದಿದಾಗ ಗೊತ್ತಾಯಿತು, ಅದು ಹಡಗಿನ ಹೆಸರು! ಬ್ರಿಟಿಷರನ್ನು ನಡುಗಿಸಿದ ದೊರೆ ಅಂತ ಮೆಚ್ಚಿ ಫಿಲಡೆಲ್ಫಿಯಾದವರು ತಮ್ಮ ಹಡಗಿಗೆ ಹೈದರನ ಹೆಸರಿಟ್ಟಿದ್ದರು. ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಅದನ್ನು ನಡೆಸಿ, ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿದಿದ್ದ. ವಿಷಯ ಇನ್ನೂ ಸೊಗಸಾಗಿಯೇ ಇತ್ತು. ಆದರೆ ನಾನು ಓದಿದ ರೀತಿ ಸರಿ ಇರಲಿಲ್ಲ. ಹೆಸರು ಹಾಕಿ, ಸಾಲು ಕಿತ್ತು, ಮುಂದಕ್ಕೆ ಓಡುತ್ತಿದ್ದೆ. ಹುಡುಕುವುದನ್ನು ನಿಲ್ಲಿಸಿ, ಒಬ್ಬರ ದಿನಚರಿಯನ್ನು ಮೊದಲ ದಿನದಿಂದ ಓದಬೇಕು ಅಂತ ಅವತ್ತು ತೀರ್ಮಾನ ಮಾಡಿದೆ.

ಜಾನ್ ಆಡಮ್ಸ್‌ನದ್ದನ್ನು ಆರಿಸಿಕೊಂಡೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಆಡಮ್ಸ್ ಮನೆತನದ ಕಾಗದಗಳೆಲ್ಲ ಇವೆ. ಅವರ ಜಾಲತಾಣದಲ್ಲಿ ಡೈರಿಯ ಪುಟಗಳ ಫೋಟೊ ಇದೆ, ಅದನ್ನು ಅಚ್ಚಿನ ಅಕ್ಷರದಲ್ಲಿ ಬಿಡಿಸಿ ಬರೆದದ್ದೂ ಇದೆ. ನಾನು ಬಿಡಿಸಿ ಬರೆದದ್ದನ್ನು ಒಂದು ರಟ್ಟಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಕೈಬರಹ ನೋಡಿ ಒಂದು ಸಾಲು ಪೆನ್ಸಿಲಿನಲ್ಲಿ ಬರೆಯುವುದು, ರಟ್ಟು ಸರಿಸುವುದು, ತಪ್ಪಿದ್ದನ್ನು ತಿದ್ದುವುದು. ಮೊದಲ ಪುಟಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು.

ಕಷ್ಟ ಕೊಟ್ಟದ್ದು ಉದ್ದ 'ಎಸ್' ಅಕ್ಷರ. ಆ ಕಾಲದಲ್ಲಿ ಪದದ ನಡುವೆ ಬರುವ 'ಎಸ್' ನೋಡಲು 'ಎಫ್' ಥರ ಇರುತ್ತದೆ. 'ಕಾಂಗ್ರೆಸ್' ಎನ್ನುವುದು 'ಕಾಂಗ್ರೆಫ್ಸ್' ಅಂತ ಕಾಣುತ್ತದೆ. ಹಳಗನ್ನಡದ ಱ, ೞ ಮೊದಲ ಸಲ ನೋಡಿದ ವಿದ್ಯಾರ್ಥಿಗೆ ಹೇಗಾಗುತ್ತದೋ ಹಾಗೆ. ಇನ್ನೊಂದು, ಪದಗಳನ್ನು ಮೊಟಕು ಮಾಡುವುದು. ಪತ್ರದ ಕೊನೆಗೆ 'ನಿಮ್ಮ ಅತಿ ವಿಧೇಯ ಸೇವಕ' ಅಂತ ಬರೆಯುವ ಪದ್ಧತಿ. ಅದನ್ನು ನಾಲ್ಕು ತುಂಡಕ್ಷರಗಳಲ್ಲಿ ಗೀಚಿಬಿಡುತ್ತಾರೆ. ನಮ್ಮಜ್ಜ ಕಾಗದದ ತಲೆಯಲ್ಲಿ 'ಉ|| ಕು|| ಸಾಂ||' ಅಂತ ಬರೆಯುತ್ತಿದ್ದದ್ದು ನೆನಪಾದ ಮೇಲೆ ಇದು ಕಷ್ಟ ಅನಿಸಲಿಲ್ಲ. ಗೊತ್ತಿದ್ದವರಿಗೆ ಅಷ್ಟು ಸಾಕು, ಅಲ್ವಾ?

ಖಚಿತವಾಗಿ ಗೊತ್ತಾದ ಪದಗಳಿಂದ ಅಕ್ಷರಗಳನ್ನು ಆರಿಸಿ ಒಂದು ಪಟ್ಟಿ ಮಾಡಿಕೊಂಡೆ. ಆಡಮ್ಸ್ 'ಡಿ' ಹೇಗೆ ಬರೆಯುತ್ತಾನೆ, ಅವಸರದಲ್ಲಿ ಹೇಗೆ ಬರೆಯುತ್ತಾನೆ, ಹೀಗೆ. ಯಾರ ಹಳೇ ಕೈಬರಹ ಓದುವವರಾದರೂ ಈ ಪಟ್ಟಿಯನ್ನು ಅವರೇ ಮಾಡಿಕೊಳ್ಳಲಿ. ಬೇರೆಯವರು ಮಾಡಿಟ್ಟದ್ದು ಕೈಗೆ ಹತ್ತುವುದಿಲ್ಲ.

ಈ ಡೈರಿ ಶುರುವಾಗುವುದು 1755ರ ನವೆಂಬರ್ 18ರಂದು, ಭೂಕಂಪದಿಂದ. ಆಗ ಆತನಿಗೆ 20 ವರ್ಷ. ತಂದೆಯ ಮನೆಯಲ್ಲಿ ಮಲಗಿದ್ದವನಿಗೆ ಎಚ್ಚರವಾಗುತ್ತದೆ. ಮನೆ ತೂಗಿ, ಬಿರುಕು ಬಿಟ್ಟು ಮೈಮೇಲೆ ಬೀಳುತ್ತದೇನೋ ಅನಿಸಿತು ಅಂತ ಬರೆಯುತ್ತಾನೆ. ಆ ದಿನಗಳಲ್ಲಿ ಆತ ವುಸ್ಟರ್ ಊರಿನ ಶಾಲೆಯಲ್ಲಿ ಮೇಷ್ಟ್ರು. ಮುಂದೆ ರಾಷ್ಟ್ರಪತಿಯಾದವನು ಮೊದಲು ಮೇಷ್ಟ್ರಾಗಿದ್ದ ಎನ್ನುವುದು ನನಗೆ ಗೊತ್ತಿತ್ತು. ಆದರೆ ಆ ದಿನಗಳನ್ನು ಅವನ ಕೈಬರಹದಲ್ಲಿ ಓದುವಾಗ ಬೇರೆಯೇ ಅನಿಸಿತು. 1756ರ ಜುಲೈಯಲ್ಲಿ ಒಂದು ದಿನ ಪ್ರತಿಜ್ಞೆ ಮಾಡುತ್ತಾನೆ. ಇನ್ನು ಮೇಲೆ ಸೂರ್ಯನ ಜೊತೆ ಏಳುತ್ತೇನೆ, ವಾರದಲ್ಲಿ ನಾಲ್ಕು ಬೆಳಗ್ಗೆ ಬೈಬಲ್, ಮೂರು ಬೆಳಗ್ಗೆ ಲ್ಯಾಟಿನ್. ಸ್ವಲ್ಪದರಲ್ಲೇ, ಏಳು ಗಂಟೆಯವರೆಗೂ ಏಳಲಿಲ್ಲ, ನನ್ನ ನಿರ್ಧಾರಗಳ ಗತಿಯೇ ಇಷ್ಟು ಅಂತ ನೊಂದುಕೊಳ್ಳುತ್ತಾನೆ. ಈ ಹುಡುಗನ ಮೇಲೆ ನನಗೆ ಪ್ರೀತಿ ಹುಟ್ಟಿತು. ಹೆಸರು ಹಾಕಿ ಹುಡುಕಿದ್ದರೆ ಈ ಪುಟ ಯಾವತ್ತೂ ನನ್ನ ಕೈಗೆ ಸಿಗುತ್ತಿರಲಿಲ್ಲ.

ಮಗ ಜಾನ್ ಕ್ವಿನ್ಸಿ ಆಡಮ್ಸ್‌ನ ಡೈರಿ ಇನ್ನೂ ದೊಡ್ಡದು. 12ನೇ ವಯಸ್ಸಿನಲ್ಲಿ ಶುರು ಮಾಡಿದ, 51 ಸಂಪುಟ ತುಂಬಿಸಿದ. ಅದಕ್ಕೆ ನಾನು ಇನ್ನೂ ಕೈ ಹಾಕಿಲ್ಲ.

ವಾಷಿಂಗ್ಟನ್‌ನ ಡೈರಿ ನೋಡಿದಾಗ ಮೊದಲು ನಿರಾಸೆಯಾಯಿತು. ನಮ್ಮ ಮನೆಗಳಲ್ಲಿ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಬರೆಯುತ್ತೇವಲ್ಲ, ಹಾಗೆ. ಎಷ್ಟೋ ವರ್ಷ ಆತ ಅಚ್ಚಾದ ಪಂಚಾಂಗದ ನಡುವೆ ಖಾಲಿ ಹಾಳೆ ಸೇರಿಸಿಕೊಂಡು ಅದರಲ್ಲೇ ಬರೆಯುತ್ತಿದ್ದ. ಎಲ್ಲಿಗೆ ಹೋದೆ, ಊಟಕ್ಕೆ ಯಾರು ಬಂದರು, ಗಾಳಿ ಯಾವ ಕಡೆಯಿಂದ ಬೀಸಿತು. ಮನಸ್ಸಿನ ಮಾತು ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ ಒಗ್ಗಿಕೊಳ್ಳಲು ಒಂದು ವಾರ ಬೇಕಾಯಿತು. ಕೊನೆಯ ಟಿಪ್ಪಣಿ 1799ರ ಡಿಸೆಂಬರ್ 13ರದು. ಬೆಳಗ್ಗೆ ಹಿಮ, ಸುಮಾರು ಮೂರು ಅಂಗುಲ. ರಾತ್ರಿ ಉಷ್ಣಮಾಪಕದಲ್ಲಿ 28, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಮರುದಿನ ರಾತ್ರಿ ತೀರಿಹೋದ. ಗಂಟಲು ಕಟ್ಟಿಕೊಂಡಿದ್ದ ಮನುಷ್ಯ ಅದರ ಬಗ್ಗೆ ಒಂದು ಮಾತೂ ಬರೆಯದೆ ಹವೆ ಎಷ್ಟಿತ್ತು ಅಂತ ಬರೆದಿಟ್ಟಿದ್ದಾನೆ. ನಾನು ಆ ಪುಟದಿಂದ ಬೇಗ ಏಳಲಾಗಲಿಲ್ಲ.

ಜೆಫರ್ಸನ್‌ದು ಅಪ್ಪಟ ಜಮಾ-ಖರ್ಚಿನ ಪುಸ್ತಕ. ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ನೋಡಿ ಬೆಳೆದ ನನಗೆ ಇದು ಸುಲಭವಾಯಿತು. 1776ರ ಜುಲೈ 4, ಸ್ವಾತಂತ್ರ್ಯ ಘೋಷಣೆಯ ದಿನ. ಅವತ್ತಿನ ಪುಟದಲ್ಲಿ ಥರ್ಮಾಮೀಟರ್ ಕೊಂಡ ದುಡ್ಡಿದೆ, ಏಳು ಜೊತೆ ಹೆಂಗಸರ ಕೈಗವಸಿನ ದುಡ್ಡಿದೆ, ದಾನ ಕೊಟ್ಟ ಚಿಲ್ಲರೆ ಇದೆ. ಬೇರೆ ಕಡೆ ಅವತ್ತಿನ ಹವೆ ಬರೆದಿಟ್ಟಿದ್ದಾನೆ. ಬೆಳಗ್ಗೆ ಆರಕ್ಕೆ 68 ಡಿಗ್ರಿ ಫ್ಯಾರನ್‌ಹೀಟ್, ಮಧ್ಯಾಹ್ನ ಒಂದಕ್ಕೆ 76.

ಆದರೆ ಅದೇ ಕೈ ಬರೆದ ಇನ್ನೊಂದು ಪುಸ್ತಕವಿದೆ, 'ಫಾರ್ಮ್ ಬುಕ್'. ಅದೂ ಬಾಸ್ಟನ್ನಿನ ಅದೇ ಸೊಸೈಟಿಯಲ್ಲಿದೆ. ಜೆಫರ್ಸನ್ ಗುಲಾಮರಾಗಿ ಇಟ್ಟುಕೊಂಡಿದ್ದ ಜನರ ಹೆಸರು, ಹುಟ್ಟಿದ ವರ್ಷ, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ, ಎಷ್ಟು ಮೀನು, ಎಲ್ಲ ಸಾಲಾಗಿ. ಅಚ್ಚುಕಟ್ಟಾದ ಅಕ್ಷರ, ನೇರ ಗೆರೆ. ಅಜ್ಜನ ಪುಸ್ತಕದಲ್ಲಿ ಅಡಿಕೆ ಮೂಟೆ ಇದ್ದ ಜಾಗದಲ್ಲಿ ಇಲ್ಲಿ ಮಕ್ಕಳ ಹೆಸರಿದೆ. ಜುಪಿಟರ್ ಎಂಬವನು ಜೆಫರ್ಸನ್ ಹುಟ್ಟಿದ 1743ರಲ್ಲೇ ಹುಟ್ಟಿ, ಅವನ ಜೊತೆಗೇ ಬೆಳೆದು, ಅವನ ಸೇವೆ ಮಾಡಿದವನು. ವಾಷಿಂಗ್ಟನ್ 1799ರಲ್ಲಿ ಬರೆದ ಇಂಥದ್ದೇ ಪಟ್ಟಿಯಲ್ಲಿ 317 ಜನ ಇದ್ದಾರೆ. 'ಎಲ್ಲ ಮನುಷ್ಯರೂ ಸಮಾನರು' ಎಂಬ ಸ್ವಾತಂತ್ರ್ಯ ಘೋಷಣೆಯ ಮಾತುಗಳನ್ನು ಮಾತ್ರ ಓದಿ ಪಾಠ ಮಾಡಿದ್ದೆ ನಾನು. ಈ ಪಟ್ಟಿಗಳನ್ನು ಆಗಲೇ ತೋರಿಸಬೇಕಿತ್ತು ಅಂತ ಈಗಲೂ ನೋವಾಗುತ್ತದೆ. ಮಕ್ಕಳು ಇದನ್ನು ನೋಡಿದರೆ ಅರ್ಥ ಮಾಡಿಕೊಳ್ಳುತ್ತಾರೆ, ವಿವರಣೆ ಜಾಸ್ತಿ ಬೇಕಾಗುವುದಿಲ್ಲ.

ಓದುತ್ತ ಓದುತ್ತ ಕಲಿತ ಇನ್ನೊಂದು ವಿಷಯ: ಈ ಕಾಗದ ನಮ್ಮವರೆಗೆ ಹೇಗೆ ಬಂತು ಅಂತ ಮೊದಲು ಕೇಳಬೇಕು. ವಾಷಿಂಗ್ಟನ್ ಹೆಂಡತಿ ಮಾರ್ಥಾ ತಮ್ಮಿಬ್ಬರ ಪತ್ರಗಳನ್ನು ಸುಟ್ಟುಬಿಟ್ಟಳು, ಉಳಿದದ್ದು ಬೆರಳೆಣಿಕೆಯಷ್ಟು. ಅದು ಅವಳ ಹಕ್ಕು ಅಂತ ನನ್ನ ಅಭಿಪ್ರಾಯ. ಆದರೆ ಜೇರ್ಡ್ ಸ್ಪಾರ್ಕ್ಸ್ ಮಾಡಿದ್ದನ್ನು ಒಪ್ಪಲಾರೆ. 19ನೇ ಶತಮಾನದಲ್ಲಿ ವಾಷಿಂಗ್ಟನ್‌ನ ಕಾಗದಗಳನ್ನು ಅಚ್ಚು ಮಾಡಿಸಿದ ಸಂಪಾದಕ ಈತ. ವಾಷಿಂಗ್ಟನ್‌ನ ಭಾಷೆಯನ್ನು ತನಗೆ ಬೇಕಾದ ಹಾಗೆ ತಿದ್ದಿದ. ವಾಷಿಂಗ್ಟನ್ ಬರೆಸಿಟ್ಟು ಸಭೆಯಲ್ಲಿ ಓದದೆ ಬಿಟ್ಟ ಒಂದು ಭಾಷಣದ ಕರಡನ್ನು ತುಂಡು ತುಂಡು ಕತ್ತರಿಸಿ ನೆನಪಿನ ಕಾಣಿಕೆಯಾಗಿ ಹಂಚಿದ. ಹಾಗಾಗಿ ಹಳೇ ಅಚ್ಚಿನ ಪುಸ್ತಕ ಸಿಕ್ಕಿದರೆ ಅದರಿಂದ ಸಾಲು ಎತ್ತಬೇಡಿ. ಈಗಿನ ಆವೃತ್ತಿಯನ್ನು, ಸಾಧ್ಯವಾದರೆ ಕೈಬರಹದ ಫೋಟೊವನ್ನೇ ನೋಡಿ.

ಮ್ಯಾಡಿಸನ್ 1787ರ ಸಂವಿಧಾನ ಸಭೆಯಲ್ಲಿ ಬರೆದುಕೊಂಡ ಟಿಪ್ಪಣಿ ಅಚ್ಚಾದದ್ದು 1840ರಲ್ಲಿ, ಆತ ಸತ್ತ ಮೇಲೆ. ನಡುವೆ ಅಷ್ಟು ವರ್ಷ ಅದನ್ನು ಆತನೇ ತಿದ್ದಿದ್ದಾನೆ. ಸಭೆಯಲ್ಲಿ ಕೂತು ಬರೆದದ್ದು ಯಾವುದು, ಮುದುಕನಾದ ಮೇಲೆ ಸೇರಿಸಿದ್ದು ಯಾವುದು ಅಂತ ಸಂಪಾದಕರ ಅಡಿಟಿಪ್ಪಣಿ ಹೇಳುತ್ತದೆ. ಅಡಿಟಿಪ್ಪಣಿ ಬಿಟ್ಟು ಓದುವ ಅಭ್ಯಾಸ ನನಗೂ ಇತ್ತು. ಈಗ ಮೊದಲು ಅದನ್ನೇ ಓದುತ್ತೇನೆ.

ಕೊನೆಗೆ ಮೈಸೂರಿಗೆ ಮರಳಿ ಬಂದೆ. 1788ರಲ್ಲಿ ಜೆಫರ್ಸನ್ ಅಮೆರಿಕದ ಪ್ರತಿನಿಧಿಯಾಗಿ ಪ್ಯಾರಿಸ್ಸಿನಲ್ಲಿದ್ದ. ಆ ಬೇಸಿಗೆಯಲ್ಲೇ ಟಿಪ್ಪುವಿನ ಮೂವರು ರಾಯಭಾರಿಗಳು ಅಲ್ಲಿಗೆ ಬಂದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿ ಅವರಿಗೆ ದರ್ಶನ ಕೊಟ್ಟ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಜೇಗೆ ಆಗಸ್ಟಿನಲ್ಲಿ ಬರೆದ ಒಂದು ಪತ್ರದಲ್ಲಿ ಜೆಫರ್ಸನ್ ಈ ಸುದ್ದಿ ಕೊಡುತ್ತಾನೆ. 'ಟಿಪ್ಪೂ ಸಾಯಿಬ್' ಅಂತ ಬರೆದಿದ್ದಾನೆ. ಆಡಂಬರ ಬಿಟ್ಟರೆ ಅವರು ಬಂದ ಉದ್ದೇಶ ಇನ್ನೂ ತಿಳಿದಿಲ್ಲ ಎಂಬರ್ಥದ ಮಾತು. ಅಷ್ಟೇ, ಒಂದೆರಡು ಸಾಲು.

ಮೊದಲಿನ ಹಾಗಿದ್ದರೆ ಆ ಎರಡು ಸಾಲು ಬರೆದುಕೊಂಡು ಎದ್ದುಬಿಡುತ್ತಿದ್ದೆ. ಈ ಸಲ ಇಡೀ ಪತ್ರ ಓದಿದೆ, ಆಮೇಲೆ ಅದರ ಮುಂದಿನ ಪತ್ರ. ಊರಿಗೆ ವಾಪಸ್ ಬಂದ ಮೇಲೂ ಬಿಟ್ಟಿಲ್ಲ. ಟಿಪ್ಪುವಿನ ಜನ ಬಂದಿಳಿದ ಜೂನ್‌ನಿಂದ ಶುರು ಮಾಡಿ, ದಿನಕ್ಕೊಂದು ಪತ್ರದ ಹಾಗೆ ಓದುತ್ತಿದ್ದೇನೆ. ಈಗ ಜುಲೈಗೆ ಬಂದಿದ್ದೇನೆ.