ಅಮ್ಮ, ಮಕ್ಕಳು, ಕುಕ್ಕರ್ ಸಮೇತ ವಿಟ್‌ಸಂಡೇ ದ್ವೀಪಗಳಲ್ಲಿ: ನನ್ನ ಅನುಭವ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವಿಟ್‌ಸಂಡೇಯಲ್ಲಿ ಬೇರ್‌ಬೋಟ್ (ನಾವಿಕರಿಲ್ಲದೆ ಬಾಡಿಗೆಗೆ ಸಿಗುವ ದೋಣಿ) ಓಡಿಸಲು ಲೈಸೆನ್ಸ್ ಬೇಡ. ಬ್ರೀಫಿಂಗ್ ಮುಗಿಸಿ ದೋಣಿ ನಮ್ಮ ಕೈಗೆ ಕೊಡುತ್ತಾರೆ. ಬೆಳಿಗ್ಗೆ, ಸಂಜೆ ರೇಡಿಯೋದಲ್ಲಿ ಹಾಜರಿ ಹೇಳಬೇಕು, ಸಂಜೆ 4 ಗಂಟೆಯೊಳಗೆ ಲಂಗರು ಬಿದ್ದಿರಬೇಕು. ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಎಪ್ಪತ್ತು ದಾಟಿದ ಅಮ್ಮ, ಪ್ರೈಮರಿ ಓದುವ ಮಕ್ಕಳು, ಜೊತೆಗೆ ಇನ್ನೊಂದು ಕುಟುಂಬ, ಇಷ್ಟು ಜನರನ್ನು ಕಟ್ಟಿಕೊಂಡು ವಾರಗಟ್ಟಲೆ ದೋಣಿಯಲ್ಲಿ ಇರೋಕಾಗಲ್ಲ ಅಂತ ಬ್ರಿಸ್ಬೇನಿನ ಗೆಳೆಯರೆಲ್ಲ ಹೇಳಿದ್ದರು. ಇರಬಹುದು. ಆರಾಮಾಗಿ ಇರಬಹುದು.

ಹಾಗಂತ ಅವರ ಮಾತು ಪೂರ್ತಿ ಸುಳ್ಳೇನಲ್ಲ. ಹಿಂದೊಮ್ಮೆ 36 ಅಡಿಯ ಮೊನೊಹಲ್ (ಒಂದೇ ಒಡಲಿನ ಹಾಯಿದೋಣಿ) ತಗೊಂಡಿದ್ದೆವು, ಅಗ್ಗ ಅಂತ. ಹಾಯಿ ಬಿಚ್ಚಿದ ಕೂಡಲೇ ಅದು ಒಂದು ಬದಿಗೆ ವಾಲುತ್ತದೆ. ನಮಗದು ಮಜಾ, ಅಮ್ಮನಿಗೆ ಪ್ರಾಣಸಂಕಟ. ವಿಟ್‌ಸಂಡೇ ಪ್ಯಾಸೇಜ್ (ದಡಕ್ಕೂ ದ್ವೀಪಗಳಿಗೂ ನಡುವಿನ ಸಮುದ್ರ) ದಾಟುವಾಗ ಮಳೆಗಾಲದ ಶಿರಾಡಿ ಘಾಟಿಯ ಬಸ್ಸಿನಲ್ಲಿ ಕೂತ ಹಾಗಾಯಿತು. ಮಕ್ಕಳು ಸರದಿಯಲ್ಲಿ ಬಕೆಟ್ ಹಿಡಿದರು. ಅಮ್ಮ ಎರಡು ದಿನ ಗಂಜಿ ಬಿಟ್ಟು ಏನೂ ಮುಟ್ಟಲಿಲ್ಲ. ಅವಧಿಗೆ ಮೊದಲೇ ದಡದ ಊರು ಏರ್ಲಿ ಬೀಚಿಗೆ ವಾಪಸ್. ಕಟ್ಟಿದ ದುಡ್ಡು ಹೋಯಿತು.

ಈ ಸಲ 40 ಅಡಿಯ ಕ್ಯಾಟಮರಾನ್ (ಎರಡು ಒಡಲಿನ, ಅಷ್ಟಾಗಿ ವಾಲದ ದೋಣಿ), ನಾಲ್ಕು ಕ್ಯಾಬಿನ್. ಸೆಪ್ಟೆಂಬರ್ ರಜೆಯ ದರ, ರಾತ್ರಿಗೆ 1,300 ಡಾಲರಿನ ಆಸುಪಾಸು. ಕೇಳಿದರೆ ಎದೆ ಧಸಕ್ ಅನ್ನುತ್ತದೆ ಅಲ್ವಾ? ಎರಡು ಮನೆಗೆ ಹಂಚಿ. ಅಷ್ಟೇ ಜನ ಹ್ಯಾಮಿಲ್ಟನ್ ದ್ವೀಪದಲ್ಲಿ ರೂಮು ಹಿಡಿದು, ದಿನಾ ಒಂದೊಂದು ಟೂರಿಗೆ ಟಿಕೆಟ್ ತೆಗೆದು, ಮೂರು ಹೊತ್ತು ಹೊರಗೆ ತಿಂದರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಟ್ಟಿದ್ದೆ. ದೋಣಿಯೇ ಅಗ್ಗ. ವಿಮಾನವನ್ನೂ ಬಿಟ್ಟು ಕಾರಿನಲ್ಲೇ ಹೋದೆವು, ಸಾವಿರದ ನೂರು ಕಿಲೋಮೀಟರ್ ಚಿಲ್ಲರೆ. ಅಕ್ಕಿ, ರಾಗಿ ಹಿಟ್ಟು, ತೆಂಗಿನಕಾಯಿ, ದೊಡ್ಡ ಕುಕ್ಕರ್, ದೋಸೆ ಕಾವಲಿ, ಎಲ್ಲ ಡಿಕ್ಕಿಯಲ್ಲಿ. ದೋಣಿ ಬಾಡಿಗೆಗೆ ಕೊಡುವವರು ಮಾರುವ ಊಟದ ಪ್ಯಾಕೇಜ್ ಒಮ್ಮೆ ತಗೊಂಡು ನೋಡಿದ್ದೆವು. ಸಸ್ಯಾಹಾರ ಅಂದರೆ ಸಲಾಡ್ ಮತ್ತು ಚೀಸ್. ಬೇಡವೇ ಬೇಡ.

ಈಗ ಮುಖ್ಯ ವಿಷಯ. ಜಾಗ ನೋಡಿ ಪ್ಲಾನ್ ಮಾಡಬೇಡಿ, ನೀರು ನೋಡಿ ಮಾಡಿ. ಎಲ್ಲರೂ ಮೊದಲು ವೈಟ್‌ಹೆವನ್, ನಾಳೆ ಹೇಮನ್ ದ್ವೀಪ, ನಾಡಿದ್ದು ಹವಳದ ರೀಫ್ ಅಂತ ಪಟ್ಟಿ ಮಾಡುತ್ತಾರೆ. ಅಲ್ಲೇ ಕೆಡುವುದು. ಇಲ್ಲಿ ಉಬ್ಬರದ ನೀರು ದಕ್ಷಿಣಕ್ಕೆ ಹರಿಯುತ್ತದೆ, ಇಳಿತದ ನೀರು ಉತ್ತರಕ್ಕೆ. ಗಾಳಿ ಹೆಚ್ಚಾಗಿ ಆಗ್ನೇಯದ್ದು. ಉಬ್ಬರ ಏರುವಾಗ ಗಾಳಿಗೂ ನೀರಿಗೂ ಮುಖಾಮುಖಿ. 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಗಾಳಿ ಇದ್ದರೂ ಸಾಕು, ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಅದೇ ಗಾಳಿ, ಅದೇ ಜಾಗ, ಇಳಿತದಲ್ಲಿ ಉತ್ತರಕ್ಕೆ ಹೊರಟರೆ ಅಮ್ಮ ಡೆಕ್ ಮೇಲೆ ಕೂತು ಬೀನ್ಸ್ ಕತ್ತರಿಸುತ್ತಾರೆ. ದಕ್ಷಿಣಕ್ಕೆ ಹೋಗುವ ದಿನ ಬೆಳಗ್ಗೆ ಬೇಗ, ಗಾಳಿ ಏಳುವ ಮೊದಲೇ ಮೋಟಾರ್ ಹಾಕಿ ಹೊರಟುಬಿಡುತ್ತಿದ್ದೆವು. ಹಾಯಿ ಪ್ರೇಮಿಗಳು ನಗಲಿ. ಒಮ್ಮೆ ಹೊರಟರೆ ಎರಡು ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಮಧ್ಯಾಹ್ನದ ಊಟ ಲಂಗರಿನಲ್ಲೇ. ಅಮ್ಮನ ವಾಂತಿಗೆ ಮಾತ್ರೆಯ ಜೊತೆ ಇನ್ನೊಂದು ಉಪಾಯ ಮಾಡಿದ್ದೆ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ವಿಟ್‌ಸಂಡೇ ದ್ವೀಪಕ್ಕೂ ಹ್ಯಾಸಲ್‌ವುಡ್‌ಗೂ ನಡುವಿನ ಸಾಲ್ವೇ ಪ್ಯಾಸೇಜ್ ಮಾತ್ರ ನೀರು ನಿಂತ ಹೊತ್ತಿನಲ್ಲೇ ದಾಟಬೇಕು. ಅಲ್ಲಿ ಸೆಳೆತ ಜೋರು. ವೈಟ್‌ಹೆವನ್ ಬೀಚಿನ ಉತ್ತರ ತುದಿಯ ಹಿಲ್ ಇನ್ಲೆಟ್‌ನದು ಇನ್ನೊಂದು ಪೇಚು. ಮೇಲಿಂದ ನೋಡುವಾಗ ಮರಳಿನ ಸುರುಳಿಗಳು ಚೆನ್ನಾಗಿ ಕಾಣುವುದು ನೀರು ಇಳಿದಾಗ. ಆದರೆ ಮೇಲೆ ಹತ್ತಲು ದಡ ಸೇರುವ ಟಂಗ್ ಬೇಯಲ್ಲಿ ನೀರು ಪೂರ್ತಿ ಇಳಿದರೆ ಡಿಂಗಿಯನ್ನು (ದಡಕ್ಕೆ ಹೋಗುವ ಸಣ್ಣ ದೋಣಿ) ಹವಳದ ಮೇಲೆ ಎಳೆಯಬೇಕಾಗುತ್ತದೆ. ಅರ್ಧ ಇಳಿತದಲ್ಲಿ ದಡ ಸೇರಿ, ನೋಡಿ, ತಕ್ಷಣ ಇಳಿದು ಬರಬೇಕು. ಮಕ್ಕಳನ್ನು ಮೇಲಿಂದ ಹೊರಡಿಸುವುದೇ ದೊಡ್ಡ ಕೆಲಸ. ವೈಟ್‌ಹೆವನ್ ಬೀಚ್ 7 ಕಿಲೋಮೀಟರ್ ಉದ್ದ, ಮರಳು ನೂರಕ್ಕೆ 98 ಭಾಗ ಸಿಲಿಕಾ. ಬಿಸಿಲಲ್ಲೂ ಕಾಲು ಸುಡುವುದಿಲ್ಲ. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ, ಮಲ್ಪೆಯ ಮರಳಲ್ಲಿ ಬೆಳೆದವರು.

ರಾತ್ರಿಗೆ ನನ್ನ ಮೆಚ್ಚಿನ ಜಾಗ ಹುಕ್ ದ್ವೀಪದ ನಾರಾ ಇನ್ಲೆಟ್. ಉದ್ದಕ್ಕೆ ಒಳಗೆ ಹೋಗುವ ಕೊಲ್ಲಿ, ತಳ ಕೆಸರು, ಲಂಗರು ಕಚ್ಚಿದರೆ ಬಿಡುವುದಿಲ್ಲ. ಬೆಳಿಗ್ಗೆ ಚೈನ್ ತೊಳೆಯಲು ಅರ್ಧ ಗಂಟೆ ಬೇಕು, ಅಷ್ಟೇ. ಉಬ್ಬರ ಇಳಿತದ ಅಂತರ 3-4 ಮೀಟರ್ ತನಕ ಹೋಗುತ್ತದೆ, ಹಾಗಾಗಿ ಲಂಗರಿಗೆ ಬಿಡುವ ಚೈನ್ ಲೆಕ್ಕ ಉಬ್ಬರದ ಆಳಕ್ಕೇ ಹಿಡಿಯಿರಿ. ಮೆಟ್ಟಿಲು ಹತ್ತಿದರೆ ಇಲ್ಲಿಯ ಮೂಲನಿವಾಸಿ ನ್ಗಾರೋ ಜನರ ಗುಹೆ, ಗೋಡೆ ತುಂಬ ಚಿತ್ರ. ಅಲ್ಲಿ ಮನುಷ್ಯರು ಇದ್ದುದಕ್ಕೆ 9 ಸಾವಿರ ವರ್ಷದಷ್ಟು ಹಳೆಯ ಕುರುಹು ಸಿಕ್ಕಿದೆ. ಅವರೂ ದೋಣಿಯ ಜನ. ಸಿಡ್ ಹಾರ್ಬರ್ ಕೂಡ ಒಳ್ಳೆಯ ಮರೆ, ಆದರೆ 2018ರ ಶಾರ್ಕ್ ದಾಳಿಗಳಾದ ಮೇಲೆ ಅಲ್ಲಿ ನೀರಿಗಿಳಿಯುವ ಹಾಗಿಲ್ಲ. ಮಲಗಲು ಮಾತ್ರ. ಆಗ್ನೇಯ ಗಾಳಿಗೆ ಉತ್ತರದ ಬಟರ್‌ಫ್ಲೈ ಬೇ ಚೆಂದವೇ. ಸೆಪ್ಟೆಂಬರಿನಲ್ಲಿ ಕೆಲವು ಮಧ್ಯಾಹ್ನ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಆಗ ಅಲ್ಲಿ ಇದ್ದರೆ ನಿದ್ದೆ ಇಲ್ಲ. ಎರಡೂ ಗಾಳಿಗೆ ಮರೆಯಾಗುವ ಇನ್ನೊಂದು ಸಣ್ಣ ಮೂಲೆ ಗೊತ್ತು. ಹೆಸರು ಹೇಳಲ್ಲ. ಹೇಳಿದರೆ ಮುಂದಿನ ವರ್ಷ ನನಗೇ ಜಾಗ ಸಿಗಲ್ಲ.

ಅಡುಗೆಮನೆಯ ಪ್ರಯೋಗಗಳು ಕೆಲವು ಗೆದ್ದವು, ಕೆಲವು ಮಕಾಡೆ ಮಲಗಿದವು. ಗ್ಯಾಸ್ ಉಳಿಸೋಣ ಅಂತ ಗೆಳೆಯ ಇಂಡಕ್ಷನ್ ಒಲೆ ತಂದಿದ್ದ. ಇನ್ವರ್ಟರಿಗೆ ಹಾಕಿ ಒಂದು ಕುಕ್ಕರ್ ಬೇಳೆ ಬೇಯಿಸುವಷ್ಟರಲ್ಲಿ ಬ್ಯಾಟರಿ ಪಾತಾಳಕ್ಕೆ, ಫ್ರಿಜ್ ಬಂದ್. ಮೊಸರು ಪೂರ್ತಿ ಹುಳಿಯಾಯಿತು, ಮೂರು ಹೊತ್ತೂ ಮಜ್ಜಿಗೆ ಹುಳಿಯೇ. ದೋಸೆ ಹಿಟ್ಟು ಮಾತ್ರ ಭರ್ಜರಿ. ಎಂಜಿನ್ ನಿಲ್ಲಿಸಿದ ಮೇಲೆ ಅದರ ಮೇಲಿನ ಹಾಸಿಗೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ದೋಣಿ ಅಲ್ಲಾಡಿದರೂ ಚೆಲ್ಲದ ಹಾಗೆ ಕಟ್ಟುವುದು ನನ್ನ ಹೆಂಡತಿಯ ಪೇಟೆಂಟು, ಅವಳನ್ನೇ ಕೇಳಿ.

ಮೀನಿನ ಮಾತು ಹೇಳದೆ ಹೇಗೆ ಬಿಡಲಿ? ಇಲ್ಲಿಯ ಸ್ಪ್ಯಾನಿಷ್ ಮ್ಯಾಕೆರೆಲ್ ನಮ್ಮ ಕರಾವಳಿಯ ಅಂಜಲ್. ಹಿಂದೆ ದಾರ ಬಿಟ್ಟುಕೊಂಡು ಹೋಗುತ್ತಿದ್ದಾಗ ಮಗಳ ಗಾಳಕ್ಕೆ ಒಂದು ಬಿತ್ತು. ಅಳೆದೆವು, 75 ಸೆಂಟಿಮೀಟರ್ ದಾಟಿತ್ತು, ಇಟ್ಟುಕೊಳ್ಳಬಹುದು. ತೀರಾ ದೊಡ್ಡದಾದರೆ ನಾನೇ ಬಿಟ್ಟುಬಿಡುತ್ತೇನೆ, ಅದರಲ್ಲಿ ಸಿಗ್ವಾಟೆರಾ ವಿಷದ ಭಯ ಇದೆ, ಎಷ್ಟು ಬೇಯಿಸಿದರೂ ಅದು ಹೋಗಲ್ಲ. ನಕ್ಷೆಯಲ್ಲಿ ಹಸಿರು ಬಳಿದ ರಕ್ಷಿತ ವಲಯದಲ್ಲಿ ಗಾಳ ಹಾಕುವಂತಿಲ್ಲ, ನಕ್ಷೆ ಪಕ್ಕದಲ್ಲೇ ಇರಲಿ. ಅಮ್ಮ ಅಂಜಲ್ ತವಾ ಫ್ರೈ ಮಾಡಿದರು. ಜೊತೆಗಿದ್ದ ಸಸ್ಯಾಹಾರಿ ಕುಟುಂಬ ಡೆಕ್ಕಿನ ಆ ಕಡೆ ಕೂತು ದೋಸೆ ತಿಂದಿತು. ಯಾರಿಗೂ ಬೇಜಾರಿಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ: ದೋಣಿ, ಡೀಸೆಲ್, ಸಾಮಾನು, ಪೆಟ್ರೋಲು ಎಲ್ಲ ಸೇರಿ ನಮ್ಮ ಮನೆಯ ಪಾಲು ಐದೂವರೆ ಸಾವಿರ ಡಾಲರಿನ ಹತ್ತಿರ. ದೋಣಿಗೆ ಕಟ್ಟಿದ್ದ ಬಾಂಡ್ (ಠೇವಣಿ) ವಾಪಸ್ ಬಂತು, ನೀರಿಗೆ ಬಿದ್ದ ಒಂದು ಸ್ನಾರ್ಕೆಲ್ ಮಾಸ್ಕಿನ ದುಡ್ಡು ಹಿಡಿದುಕೊಂಡು. ರಜೆ ಇಲ್ಲದ ವಾರಗಳಲ್ಲಿ ಇದೇ ದೋಣಿ ಕಾಲು ಭಾಗ ಅಗ್ಗ. ಮೇ ತಿಂಗಳ ಒಂದು ವಾರ ಕೇಳಿಟ್ಟಿದ್ದೇನೆ. ಅಮ್ಮ ಈಗಲೇ ಹೂಂ ಅಂದಿದ್ದಾರೆ. ಮಕ್ಕಳ ಸ್ಕೂಲಿಗೆ ಏನು ಹೇಳುವುದು ಅನ್ನೋದೊಂದೇ ಬಾಕಿ.