ಶ್ರೀರಂಗಪಟ್ಟಣವನ್ನು ಒಂದು ದಿನದಲ್ಲಿ ನೋಡುವುದು ಹೇಗೆ?

ಮೈಸೂರಿಗೆ ಹೋಗುವ ಎಷ್ಟೋ ಜನ ಎರಡು ಗಂಟೆ ಇಲ್ಲಿ ಇಳಿದು, ಗುಡಿ ನೋಡಿ, ಟಿಪ್ಪು ಸಮಾಧಿಯ ಗುಂಬಜ್ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ತಾವು ನಿಂತಿದ್ದು ದ್ವೀಪದ ಮೇಲೆ ಅನ್ನೋದು ಗೊತ್ತೇ ಆಗುವುದಿಲ್ಲ. ಕಾವೇರಿ ಕೋಟೆಯ ಪಡುವಣಕ್ಕೆ ಎರಡಾಗಿ ಒಡೆದು, ಊರನ್ನು ಸುತ್ತಿಕೊಂಡು, ಮೂಡಣದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನೀವೂ ಹೊಳೆ ಹರಿಯುವ ದಿಕ್ಕಿಗೇ ಹೋಗಿ. ಊರು ಆಗ ಅರ್ಥವಾಗುತ್ತದೆ.

ಬೆಂಗಳೂರಿನಿಂದ ಬರುವವರಿಗೆ ರೈಲೇ ವಾಸಿ. ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ. ರೈಲಿನಲ್ಲಾದರೆ ಮದ್ದೂರು ವಡೆ ಕೂತಲ್ಲಿಗೇ ಬರುತ್ತದೆ. ಸ್ಟೇಷನ್‌ನಿಂದ ರಂಗನಾಥಸ್ವಾಮಿ ಗುಡಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಿಗ್ಗೆ ಮೊದಲ ಕೆಲಸ ಇದೇ ಆಗಲಿ. ಮಲಗಿರುವ ರಂಗನಾಥನನ್ನು ಕಣ್ತುಂಬ ನೋಡಿ, ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ (Baillie) ಹೆಸರಿನ ಸೆರೆಮನೆಗೆ ಇಳಿಯಿರಿ. ಗೋಡೆಗೆ ಕೂಡಿಸಿದ ಕಲ್ಲುಗಳಲ್ಲಿ ಕೈದಿಗಳನ್ನು ಕಟ್ಟುತ್ತಿದ್ದ ತೂತುಗಳು ಈಗಲೂ ಇವೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಜಾಮಿಯಾ ಮಸೀದಿಯ ಜೋಡಿ ಮಿನಾರು, ಎಲ್ಲ ಕೋಟೆಯೊಳಗೇ ಸಿಗುತ್ತವೆ.

ಕೋಟೆ ದಾಟಿದ ಮೇಲೆ ಆಟೊ ಹಿಡಿಯಿರಿ. ಮುಂದಿನದು ದರಿಯಾ ದೌಲತ್. ಸಮಯ ಕಡಿಮೆ ಇದ್ದರೆ ಬೇರೆ ಏನಾದರೂ ಬಿಡಿ, ಇದನ್ನು ಮಾತ್ರ ಬಿಡಬೇಡಿ. 1784ರ ಈ ಮರದ ಅರಮನೆಯ ಪಶ್ಚಿಮದ ಗೋಡೆ ತುಂಬ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಆನೆ, ಕುದುರೆ, ಕತ್ತಿ ಹಿಡಿದ ದಂಡು, ಒಂದಿಂಚೂ ಖಾಲಿ ಇಲ್ಲ. ಅವಸರ ಮಾಡದೆ ಕರ್ನಲ್ ಬೇಲಿಯನ್ನು ಹುಡುಕಿ. ಪಲ್ಲಕ್ಕಿಯಲ್ಲಿ ಕೂತು, ದಿಕ್ಕು ತೋಚದೆ ಬೆರಳು ಕಚ್ಚುತ್ತಿದ್ದಾನೆ. ಬೆಳಿಗ್ಗೆ ನೋಡಿದ ಸೆರೆಮನೆ ಅವನ ಹೆಸರಿನದ್ದೇ ಅಲ್ವಾ? ಅದಕ್ಕೇ ಅದನ್ನು ಮೊದಲು ನೋಡಿ ಅಂದಿದ್ದು.

ಊಟಕ್ಕೆ ಮುಂಚೆ ಒಂದು ಮಾತು. ಬಾಡೂಟದ ಆಸೆ ಇದ್ದವರು ಗಂಜಾಮಿನ ನಿಮಿಷಾಂಬ ದೇವಸ್ಥಾನವನ್ನು ಮೊದಲೇ ಮುಗಿಸಿಕೊಳ್ಳಿ. ಆಮೇಲೆ ನಿಶ್ಚಿಂತೆಯಾಗಿ ಮುದ್ದೆ, ನಾಟಿಕೋಳಿ ಸಾರು ಕೇಳಿ. ಕುರಿ ತಿನ್ನುವವರು ಬನ್ನೂರು ಕುರಿ ಇದೆಯಾ ಅಂತ ವಿಚಾರಿಸಿ. ಅದರ ಕೊಬ್ಬಿನ ರುಚಿಯೇ ಬೇರೆ. ಸಸ್ಯಾಹಾರಿಗಳು ಉಪ್ಸಾರು ಸಿಕ್ಕರೆ ಅದನ್ನೇ ಹಾಕಿಸಿಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿದ ತಿಳಿನೀರು, ಪಕ್ಕದಲ್ಲಿ ಅರೆದ ಹಸಿಮೆಣಸಿನ ಖಾರ. ಖಾರವನ್ನು ಸ್ವಲ್ಪಸ್ವಲ್ಪವೇ ಕಲಸಿಕೊಳ್ಳಿ, ಒಮ್ಮೆಲೇ ಸುರಿದುಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ. ಮಂಡ್ಯ ಸೀಮೆಯ ಊಟ ಅಂದರೆ ನನಗೆ ಇದೇ. ದೊಡ್ಡ ಬೋರ್ಡಿನ ಹೋಟೆಲಿಗಿಂತ ಆಟೊದವರು ಉಣ್ಣುವ ಕಡೆ ಇದು ಸಿಗುವುದು ಜಾಸ್ತಿ. ಗಂಜಾಂ ಅಂಜೂರಕ್ಕೂ ಹೆಸರುವಾಸಿ. ಹಣ್ಣು ಕಣ್ಣಿಗೆ ಬಿದ್ದರೆ ಕೊಂಡುಬಿಡಿ.

ಬಿಸಿಲು ಇಳಿಯುವಾಗ ಗುಂಬಜ್. ಟಿಪ್ಪು, ಅವನ ಅಪ್ಪ ಹೈದರ್, ಅಮ್ಮ ಫಕ್ರುನ್ನಿಸಾ ಮೂವರ ಸಮಾಧಿ ಇಲ್ಲಿವೆ. ಸುತ್ತ ಕರಿಕಲ್ಲಿನ 36 ಕಂಬ. ಒಳಗೋಡೆಗೆ ಹುಲಿಪಟ್ಟೆಯ ಬಣ್ಣ.

ಕೊನೆಗೆ ಸಂಗಮ. ಮೆಟ್ಟಿಲ ಮೇಲೆ ಕೂತು ಸೌತೆಕಾಯಿಗೆ ಉಪ್ಪುಖಾರ ಹಾಕಿಸಿಕೊಂಡು ತಿನ್ನಿ, ಆದರೆ ಆಳಕ್ಕೆ ಇಳಿಯಬೇಡಿ. ನೀರು ಮೇಲೆ ಸುಮ್ನೆ ಇದ್ದ ಹಾಗೆ ಕಾಣುತ್ತದೆ, ಸೆಳೆತ ಒಳಗಿರುತ್ತದೆ. ಮಕ್ಕಳ ಕೈ ಬಿಡಲೇಬೇಡಿ.

ರಾತ್ರಿ ಉಳಿಯುವವರು ಬೆಳಿಗ್ಗೆ ರಂಗನತಿಟ್ಟಿಗೆ ಹೋಗಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಆದ ಪಕ್ಷಿಧಾಮ ಅದು. ಹೊಳೆ ತುಂಬಿ ಬಂದಾಗ ದೋಣಿ ನಿಲ್ಲಿಸುತ್ತಾರೆ, ಮಳೆಗಾಲದಲ್ಲಿ ವಿಚಾರಿಸಿಕೊಂಡೇ ಹೊರಡಿ.